ಆ್ಯಪ್‌ ಒಳಗೆ ಪವರ್ ಬಿಐ ರಿಪೋರ್ಟ್: ಸರ್ವಿಸ್ ಪ್ರಿನ್ಸಿಪಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಹಾಲಿನ ಸೊಸೈಟಿ, ಸಕ್ಕರೆ ಕಾರ್ಖಾನೆ, ಎಪಿಎಂಸಿ ಮಂಡಿ, ಶಾಲೆ, ಆಸ್ಪತ್ರೆಗಳಿಗೆ ಆ್ಯಪ್ ಮಾಡಿಕೊಡುವ ಸಣ್ಣ ತಂಡಗಳು ಬೇಕಾದಷ್ಟಿವೆ. "ರಿಪೋರ್ಟ್ ನಮ್ಮ ಆ್ಯಪ್‌ನಲ್ಲೇ ಕಾಣಬೇಕು, ಬೇರೆ ಲಾಗಿನ್ ಬೇಡ" ಎಂದು ಗ್ರಾಹಕರು ಕೇಳಿದ ಕೂಡಲೇ, ಡೇಟಾದಿಂದ ಚಾರ್ಟ್, ರಿಪೋರ್ಟ್ ಮಾಡುವ ಮೈಕ್ರೋಸಾಫ್ಟ್‌ನ ಪವರ್ ಬಿಐಯನ್ನು ಆ್ಯಪ್ ಒಳಗೆ ಕೂರಿಸುವ ವಿಷಯ ಎದುರಾಗುತ್ತದೆ. ಅಂಥ ತಂಡದವರಿಗಾಗಿ ಇದನ್ನು ಬರೆದಿದ್ದೇನೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮಂಡ್ಯ ಜಿಲ್ಲೆಯ ಹಾಲಿನ ಸೊಸೈಟಿಗಳಿಗೆ ಒಂದು ಆ್ಯಪ್ ಇದೆ ಅಂದುಕೊಳ್ಳಿ. ಸೊಸೈಟಿಯ ಕಾರ್ಯದರ್ಶಿ ತನ್ನ ಡೈರಿಯ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ), ಬಟವಾಡೆ ನೋಡಬೇಕು. ವಿಸ್ತರಣಾಧಿಕಾರಿ ತನ್ನ ತಾಲ್ಲೂಕು ಪೂರ್ತಿ ನೋಡಬೇಕು. ಕೇಂದ್ರ ಕಚೇರಿಯವರು ಏಳೂ ತಾಲ್ಲೂಕು ನೋಡಬೇಕು.

ಆ್ಯಪ್ ಮಾತ್ರದ ದೃಢೀಕರಣ ಅಂದರೆ ಏನು?

ಪವರ್ ಬಿಐ ಮುಂದೆ ಯಾವ ಮನುಷ್ಯರೂ ಲಾಗಿನ್ ಆಗುವುದಿಲ್ಲ. ನಿಮ್ಮ ಆ್ಯಪ್ ತನ್ನದೇ ಗುರುತು ತೋರಿಸಿ ಒಳಗೆ ಹೋಗುತ್ತದೆ. ಈ ಗುರುತಿಗೆ ಸರ್ವಿಸ್ ಪ್ರಿನ್ಸಿಪಲ್ ಎನ್ನುತ್ತಾರೆ. ಇದನ್ನು ಖಾತೆ, ಗುರುತುಗಳನ್ನು ನೋಡಿಕೊಳ್ಳುವ ಸೇವೆಯಾದ ಮೈಕ್ರೋಸಾಫ್ಟ್ ಎಂಟ್ರಾ ಐಡಿಯಲ್ಲಿ ಮಾಡಿಕೊಳ್ಳಬೇಕು. 2023ರವರೆಗೆ ಇದೇ ಎಂಟ್ರಾ ಐಡಿಗೆ ಅಜೂರ್ ಆ್ಯಕ್ಟಿವ್ ಡೈರೆಕ್ಟರಿ ಎಂಬ ಹೆಸರಿತ್ತು. ಹಳೆಯ ಪಾಠಗಳಲ್ಲಿ ಆ ಹೆಸರೇ ಇರುತ್ತದೆ, ಗಾಬರಿಯಾಗಬೇಡಿ.

ಕಾರ್ಯದರ್ಶಿಗೆ ಪವರ್ ಬಿಐ ಖಾತೆ ಬೇಕಿಲ್ಲ. ಅವರು ನಿಮ್ಮ ಆ್ಯಪ್‌ಗೆ ಮೊಬೈಲ್ ನಂಬರ್ ಮತ್ತು ಒಟಿಪಿ ಕೊಟ್ಟು ಬಂದರೆ ಸಾಕು. ಅವರು ಯಾರು ಎಂದು ಗೊತ್ತಿರುವುದು ನಿಮ್ಮ ಆ್ಯಪ್‌ಗೆ ಮಾತ್ರ, ಪವರ್ ಬಿಐಗೆ ಗೊತ್ತಿಲ್ಲ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾರಿಗೆ ಏನು ಕಾಣಬೇಕು ಎಂಬ ಹೊಣೆ ಪೂರ್ತಿ ನಿಮ್ಮ ಸರ್ವರ್‌ ಮೇಲೆ ಬರುವುದು ಇದರಿಂದಲೇ. ಮುಂದಿನ ಅರ್ಧಕ್ಕರ್ಧ ಉತ್ತರಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಎಲ್ಲರಿಗೂ ಇದೇ ದಾರಿಯಾ? ಬೇರೆ ಇದೆಯಾ?

ಇನ್ನೊಂದು ದಾರಿಯಿದೆ. ನೋಡುವ ಪ್ರತಿಯೊಬ್ಬರೂ ತಮ್ಮ ಕಂಪನಿ ಖಾತೆಯಿಂದಲೇ ಪವರ್ ಬಿಐಗೆ ಲಾಗಿನ್ ಆಗುವ ಕ್ರಮ. ನೋಡುವವರೆಲ್ಲ ಒಂದೇ ಸಂಸ್ಥೆಯ ನೌಕರರು, ಎಲ್ಲರಿಗೂ ಮೈಕ್ರೋಸಾಫ್ಟ್ ಖಾತೆ ಮತ್ತು ತಕ್ಕ ಲೈಸೆನ್ಸ್ ಇದೆ ಎಂದಾದರೆ ಅದೇ ಒಳ್ಳೆಯದು. ಅಲ್ಲಿ ಯಾರು ನೋಡುತ್ತಿದ್ದಾರೆ ಎಂದು ಪವರ್ ಬಿಐಗೇ ಗೊತ್ತಿರುತ್ತದೆ. ನಿಮ್ಮ ಹೊಣೆ ಕಡಿಮೆ.

ನಾಗಮಂಗಲದ ಹಳ್ಳಿಯ ಸೊಸೈಟಿ ಕಾರ್ಯದರ್ಶಿಗೆ ಅಂಥ ಖಾತೆ ಇರುವುದಿಲ್ಲ, ಅಲ್ವಾ? ಹೊರಗಿನ ಗ್ರಾಹಕರು, ರೈತರು, ಡೀಲರ್‌ಗಳು, ಪೋಷಕರು ನೋಡುವ ಆ್ಯಪ್ ಆಗಿದ್ದರೆ ಸರ್ವಿಸ್ ಪ್ರಿನ್ಸಿಪಲ್ ದಾರಿ ಹಿಡಿಯಿರಿ.

ಈಗ ಒಬ್ಬ ನೌಕರರ ಐಡಿ, ಪಾಸ್‌ವರ್ಡ್ ಸರ್ವರ್‌ನಲ್ಲಿಟ್ಟು ನಡೆಸುತ್ತಿದ್ದೇವೆ. ನಡೀತಿದೆಯಲ್ಲ, ಯಾಕೆ ಬದಲಾಯಿಸಬೇಕು?

ಇದಕ್ಕೆ ಮಾಸ್ಟರ್ ಯೂಸರ್ ಪದ್ಧತಿ ಎನ್ನುತ್ತಾರೆ. ಇದು ನಡೆಯುವವರೆಗೆ ನಡೆಯುತ್ತದೆ. ಆ ನೌಕರರು ಕೆಲಸ ಬಿಟ್ಟ ದಿನ ಅವರ ಖಾತೆಯನ್ನು ಐಟಿಯವರು ಮುಚ್ಚುತ್ತಾರೆ. ಎಲ್ಲ ಸೊಸೈಟಿಗಳ ರಿಪೋರ್ಟೂ ಒಟ್ಟಿಗೆ ನಿಲ್ಲುತ್ತದೆ. ಪಾಸ್‌ವರ್ಡ್ ಅವಧಿ ಮುಗಿದರೂ ಇದೇ ಕಥೆ. ಆ ಖಾತೆಗೆ ಎರಡನೇ ಹಂತದ ದೃಢೀಕರಣ, ಅಂದರೆ ಫೋನಿಗೆ ಕೋಡ್ ಬರುವ ವ್ಯವಸ್ಥೆ ಕಡ್ಡಾಯ ಮಾಡಿದರೂ ಅಷ್ಟೇ. ಸರ್ವರ್ ಫೋನ್ ನೋಡಿ ಕೋಡ್ ಒತ್ತಲಾರದು. ಆ ಖಾತೆಗೆ ಪ್ರೊ ಅಥವಾ ಪ್ರೀಮಿಯಂ ಪರ್ ಯೂಸರ್ ಲೈಸೆನ್ಸ್ ಬೇರೆ ಬೇಕು. ಸರ್ವಿಸ್ ಪ್ರಿನ್ಸಿಪಲ್‌ಗೆ ಆ ಲೈಸೆನ್ಸ್ ಬೇಕಿಲ್ಲ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಆ ಐಡಿಯಿಂದ ಆ ವ್ಯಕ್ತಿಯ ಇಮೇಲ್, ಫೈಲ್‌ಗಳೂ ತೆರೆಯುತ್ತವೆ. ಸರ್ವರ್‌ನ ಕಾನ್ಫಿಗ್ ಫೈಲ್ ನೋಡಬಲ್ಲ ಯಾರು ಬೇಕಾದರೂ ಅವರ ಹೆಸರಿನಲ್ಲಿ ಓಡಾಡಬಹುದು. ಒಬ್ಬ ನೌಕರರನ್ನು ಆ ಸ್ಥಿತಿಯಲ್ಲಿ ಇಡುವುದು ಸರಿಯಲ್ಲ. ಬೇಗ ಬದಲಾಯಿಸಿ.

ಶುರು ಮಾಡುವ ಮುಂಚೆ ಯಾರ ಸಹಾಯ ಬೇಕು?

ಮೂರು ಅಧಿಕಾರ ಬೇಕು. ಎಂಟ್ರಾ ಐಡಿಯಲ್ಲಿ ಆ್ಯಪ್ ನೋಂದಾಯಿಸುವ, ಸೆಕ್ಯುರಿಟಿ ಗ್ರೂಪ್ ಮಾಡುವ ಅಧಿಕಾರ. ಪವರ್ ಬಿಐ ಅಡ್ಮಿನ್ ಪೋರ್ಟಲ್ ತೆರೆಯುವ ಅಧಿಕಾರ. ರಿಪೋರ್ಟ್ ಇರುವ ವರ್ಕ್‌ಸ್ಪೇಸ್‌ನ (ಪವರ್ ಬಿಐಯಲ್ಲಿ ರಿಪೋರ್ಟ್, ಡೇಟಾ ಒಟ್ಟಿಗೆ ಇಡುವ ಜಾಗ) ಅಡ್ಮಿನ್ ಅಧಿಕಾರ. ಸಣ್ಣ ಕಚೇರಿಯಲ್ಲಿ ಮೂರೂ ಒಬ್ಬರ ಬಳಿಯೇ ಇರುತ್ತವೆ. ದೊಡ್ಡ ಸಂಸ್ಥೆಯಲ್ಲಿ ಮೂರು ಬೇರೆ ಬೇರೆ ಜನ. ಮೂವರನ್ನೂ ಒಂದೇ ಹೊತ್ತಿಗೆ ಕೂರಿಸಿಕೊಂಡರೆ ಕೆಲಸ ಒಂದೇ ಬೈಠಕ್ಕಿನಲ್ಲಿ ಮುಗಿಯುತ್ತದೆ. ಬಿಡಿಬಿಡಿಯಾಗಿ ಮೇಲ್ ಕಳಿಸುತ್ತಾ ಕೂತರೆ ಎಳೆಯುತ್ತದೆ.

ಹೆಜ್ಜೆ ಹೆಜ್ಜೆಯಾಗಿ ಹೇಳಿ.

ಮೊದಲು ಎಂಟ್ರಾ ಐಡಿಯಲ್ಲಿ ಹೊಸ ಆ್ಯಪ್ ನೋಂದಣಿ ಮಾಡಿ. ಅಲ್ಲಿ ಸಿಗುವ ಕ್ಲೈಂಟ್ ಐಡಿ (ಆ್ಯಪ್‌ನ ಗುರುತು) ಮತ್ತು ಟೆನೆಂಟ್ ಐಡಿ (ಸಂಸ್ಥೆಯ ಗುರುತು) ಬರೆದಿಟ್ಟುಕೊಳ್ಳಿ. ನಂತರ ಒಂದು ಕ್ಲೈಂಟ್ ಸೀಕ್ರೆಟ್ (ಆ್ಯಪ್‌ನ ಪಾಸ್‌ವರ್ಡ್) ಮಾಡಿ, ಇಲ್ಲವೇ ಸರ್ಟಿಫಿಕೇಟ್ ಸೇರಿಸಿ. ಸೀಕ್ರೆಟ್‌ನ ಮೌಲ್ಯ ಒಂದೇ ಸಲ ಕಾಣುವುದು. ಪುಟ ಬಿಟ್ಟು ಹೋದರೆ ಮತ್ತೆ ಸಿಗುವುದಿಲ್ಲ, ಹೊಸದನ್ನೇ ಮಾಡಬೇಕು.

ಆಮೇಲೆ ಒಂದು ಸೆಕ್ಯುರಿಟಿ ಗ್ರೂಪ್ ಮಾಡಿ ಈ ಆ್ಯಪ್ ಅನ್ನು ಅದಕ್ಕೆ ಸೇರಿಸಿ. ಪವರ್ ಬಿಐ ಅಡ್ಮಿನ್ ಪೋರ್ಟಲ್‌ನ ಟೆನೆಂಟ್ ಸೆಟ್ಟಿಂಗ್ಸ್‌ಗೆ ಹೋಗಿ. ಡೆವಲಪರ್ ಸೆಟ್ಟಿಂಗ್ಸ್ ಭಾಗದಲ್ಲಿ ಎರಡು ವಿಷಯ ನೋಡಿ. ಆ್ಯಪ್‌ಗಳಲ್ಲಿ ಎಂಬೆಡ್ ಮಾಡಲು, ಅಂದರೆ ರಿಪೋರ್ಟ್ ಒಳಗೇ ಕೂರಿಸಲು, ಅನುಮತಿ ಇರಬೇಕು. ಸರ್ವಿಸ್ ಪ್ರಿನ್ಸಿಪಲ್‌ಗಳು ಎಪಿಐ (ಪ್ರೋಗ್ರಾಂಗಳು ಪವರ್ ಬಿಐ ಜೊತೆ ಮಾತಾಡುವ ದಾರಿ) ಬಳಸಲು ಅನುಮತಿ ಇರಬೇಕು. ಈ ಎರಡನೆಯದರ ಹೆಸರು ಬದಲಾಗಿದೆ, ಈಗ ಫ್ಯಾಬ್ರಿಕ್ ಎಪಿಐ ಎಂಬ ಮಾತು ಅದರಲ್ಲಿ ಬರುತ್ತದೆ (ಫ್ಯಾಬ್ರಿಕ್ ಅಂದರೆ ಪವರ್ ಬಿಐ ಸೇರಿರುವ ಮೈಕ್ರೋಸಾಫ್ಟ್‌ನ ಡೇಟಾ ವೇದಿಕೆ). ಎರಡನ್ನೂ ನಿಮ್ಮ ಗ್ರೂಪ್‌ಗೆ ಸಿಗುವ ಹಾಗೆ ಮಾಡಿ.

ಕೊನೆಗೆ ರಿಪೋರ್ಟ್ ಇರುವ ವರ್ಕ್‌ಸ್ಪೇಸ್ ತೆರೆದು, ಆ್ಯಪ್ ಹೆಸರು ಹುಡುಕಿ, ಮೆಂಬರ್ ಆಗಿ ಸೇರಿಸಿ. ವರ್ಕ್‌ಸ್ಪೇಸ್‌ಗೆ ಸೇರಿಸುವುದನ್ನು ಮರೆಯುವವರೇ ಜಾಸ್ತಿ. ಅಡ್ಮಿನ್ ಪೋರ್ಟಲ್‌ನ ಅನುಮತಿ ಎಪಿಐ ಬಾಗಿಲನ್ನಷ್ಟೇ ತೆರೆಯುತ್ತದೆ. ಅದರಿಂದ ಯಾವ ರಿಪೋರ್ಟೂ ಕೈಗೆ ಬರುವುದಿಲ್ಲ.

ಎಂಟ್ರಾದಲ್ಲಿ ಪವರ್ ಬಿಐಗೆ ಎಪಿಐ ಪರ್ಮಿಷನ್‌ಗಳನ್ನು ಟಿಕ್ ಮಾಡಬೇಕಾ?

ಬೇಡ. ಸರ್ವಿಸ್ ಪ್ರಿನ್ಸಿಪಲ್‌ನ ಅಧಿಕಾರ ನಿರ್ಧಾರವಾಗುವುದು ಅಡ್ಮಿನ್ ಪೋರ್ಟಲ್ ಸೆಟ್ಟಿಂಗ್ ಮತ್ತು ವರ್ಕ್‌ಸ್ಪೇಸ್‌ನ ಪಾತ್ರದಿಂದ. ಸುಮ್ನೆ ಟಿಕ್ ಮಾಡಿ ಅಡ್ಮಿನ್ ಒಪ್ಪಿಗೆಗಾಗಿ ಕಾಯುತ್ತಾ ಕೂರಬೇಡಿ.

ನಮ್ಮ ಗ್ರಾಹಕರ ಐಟಿ ಅಡ್ಮಿನ್ ಆ ಸೆಟ್ಟಿಂಗ್ ಆನ್ ಮಾಡಲು ಹೆದರುತ್ತಿದ್ದಾರೆ.

ಅವರ ಹೆದರಿಕೆ ನ್ಯಾಯವಾದದ್ದೇ. ಇಡೀ ಸಂಸ್ಥೆಗೆ ಆನ್ ಮಾಡಿದರೆ ನೋಂದಾಯಿತ ಯಾವ ಆ್ಯಪ್ ಬೇಕಾದರೂ ಪವರ್ ಬಿಐ ಎಪಿಐ ಕರೆಯಬಹುದು. ಅದಕ್ಕೇ ಸೆಕ್ಯುರಿಟಿ ಗ್ರೂಪ್ ಮಾಡಲು ಹೇಳಿದ್ದು. ಆ ಗ್ರೂಪ್‌ಗೆ ಮಾತ್ರ ಆನ್ ಮಾಡಿ ಎಂದು ಕೇಳಿ. ಗ್ರೂಪ್‌ನಲ್ಲಿ ಒಂದೇ ಆ್ಯಪ್ ಇದೆ, ಆ ಆ್ಯಪ್ ಒಂದೇ ವರ್ಕ್‌ಸ್ಪೇಸ್‌ನ ಮೆಂಬರ್, ಬೇಡವಾದ ದಿನ ಗ್ರೂಪ್‌ನಿಂದ ತೆಗೆದರೆ ಮುಗಿಯಿತು ಎಂದು ವಿವರಿಸಿ. ಇದನ್ನು ಬರಹದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಸೆಟ್ಟಿಂಗ್ ಬದಲಾಯಿಸಿದ ಮೇಲೆ ಅದು ಹತ್ತಲು ಸುಮಾರು 15 ನಿಮಿಷ ಬೇಕಾಗಬಹುದು. ಮರುಕ್ಷಣವೇ ಪರೀಕ್ಷೆ ಮಾಡಿ "ಆಗ್ತಿಲ್ಲ" ಎಂದು ಫೋನ್ ಮಾಡಬೇಡಿ.

ಕಾರ್ಯದರ್ಶಿ ರಿಪೋರ್ಟ್ ಪುಟ ತೆರೆದಾಗ ಒಳಗೆ ನಡೆಯುವುದೇನು?

ಮೊದಲು ನಿಮ್ಮ ಆ್ಯಪ್‌ ತನ್ನ ಲಾಗಿನ್‌ನಿಂದ ಅವರನ್ನು ಗುರುತಿಸುತ್ತದೆ: ಇವರು ಮದ್ದೂರು ತಾಲ್ಲೂಕಿನ ಇಂಥ ಸೊಸೈಟಿಯವರು ಎಂದು. ನಂತರ ನಿಮ್ಮ ಸರ್ವರ್ ಕ್ಲೈಂಟ್ ಐಡಿ, ಸೀಕ್ರೆಟ್ ತೋರಿಸಿ ಎಂಟ್ರಾ ಐಡಿಯಿಂದ ಒಂದು ಆ್ಯಕ್ಸೆಸ್ ಟೋಕನ್, ಅಂದರೆ ಸ್ವಲ್ಪ ಹೊತ್ತಿನ ಪ್ರವೇಶ ಚೀಟಿ, ಪಡೆಯುತ್ತದೆ. ಆ ಟೋಕನ್ ಹಿಡಿದು ಪವರ್ ಬಿಐ ಎಪಿಐಗೆ ಹೋಗಿ, "ಈ ರಿಪೋರ್ಟ್‌ಗೆ, ಈ ಸೊಸೈಟಿಯ ಡೇಟಾಗೆ ಮಾತ್ರ ಒಂದು ಎಂಬೆಡ್ ಟೋಕನ್ ಕೊಡು" ಎಂದು ಕೇಳುತ್ತದೆ. ಸಿಕ್ಕ ಎಂಬೆಡ್ ಟೋಕನ್, ರಿಪೋರ್ಟ್ ಐಡಿ ಮತ್ತು ಎಂಬೆಡ್ ವಿಳಾಸವನ್ನು ಬ್ರೌಸರ್‌ಗೆ ಕಳಿಸುತ್ತದೆ. ಬ್ರೌಸರ್‌ನಲ್ಲಿರುವ ಪವರ್ ಬಿಐ ಜಾವಾಸ್ಕ್ರಿಪ್ಟ್ ಲೈಬ್ರರಿ ಅದನ್ನು ಬಳಸಿ ರಿಪೋರ್ಟ್ ಬಿಡಿಸುತ್ತದೆ.

ಎರಡು ಟೋಕನ್‌ಗಳ ವ್ಯತ್ಯಾಸ ಚೆನ್ನಾಗಿ ತಿಳಿದಿರಲಿ. ಆ್ಯಕ್ಸೆಸ್ ಟೋಕನ್ ಎಂದರೆ ನಿಮ್ಮ ಆ್ಯಪ್‌ನ ಪೂರ್ತಿ ಅಧಿಕಾರ. ಅದು ಸರ್ವರ್ ಬಿಟ್ಟು ಎಲ್ಲಿಗೂ ಹೋಗಬಾರದು. ಎಂಬೆಡ್ ಟೋಕನ್‌ಗೆ ಇರುವುದು ಒಂದು ರಿಪೋರ್ಟ್, ಒಬ್ಬ ವ್ಯಕ್ತಿ, ಸ್ವಲ್ಪ ಹೊತ್ತು ಎಂಬ ಮಿತಿಯ ಅಧಿಕಾರ. ಬ್ರೌಸರ್‌ಗೆ ಹೋಗಬೇಕಾದದ್ದು ಇದೊಂದೇ. ಲೈಬ್ರರಿಗೆ ಟೋಕನ್ ಕೊಡುವಾಗ ಅದು ಎಂಬೆಡ್ ಬಗೆಯದು ಎಂದು ಹೇಳಬೇಕು. ಹೇಳದಿದ್ದರೆ ಬಳಕೆದಾರರ ಟೋಕನ್ ಎಂದುಕೊಂಡು ರಿಪೋರ್ಟ್ ತೆರೆಯುವುದಿಲ್ಲ.

ಸರ್ವರ್ ಇಲ್ಲದೆ, ಬ್ರೌಸರ್‌ನಿಂದಲೇ ಎಲ್ಲ ಮಾಡಬಹುದಾ?

ಖಂಡಿತ ಬೇಡ. ಬ್ರೌಸರ್‌ಗೆ ಅಥವಾ ಫೋನಿನ ಆ್ಯಪ್ ಫೈಲ್‌ಗೆ ಸೀಕ್ರೆಟ್ ಹೋಯಿತು ಎಂದರೆ ಅದು ಎಲ್ಲರದ್ದೂ ಆಯಿತು. ಸಣ್ಣದಾದರೂ ಒಂದು ಸರ್ವರ್ ಇರಲೇಬೇಕು. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಫಂಕ್ಷನ್ ಥರದ್ದೂ ಸಾಕು.

ಮದ್ದೂರಿನ ಕಾರ್ಯದರ್ಶಿಗೆ ಮಳವಳ್ಳಿಯ ಲೆಕ್ಕ ಕಾಣದ ಹಾಗೆ ಹೇಗೆ ಮಾಡುವುದು?

ಇಡೀ ವಿಷಯದ ತಿರುಳು ಇದು. ನಿಧಾನವಾಗಿ ಓದಿ.

ಸರ್ವಿಸ್ ಪ್ರಿನ್ಸಿಪಲ್‌ಗೆ ವರ್ಕ್‌ಸ್ಪೇಸ್‌ನ ಎಲ್ಲವೂ ಕಾಣುತ್ತದೆ. ಅದರ ಹಿಂದೆ ಕೂತ ಮನುಷ್ಯ ಯಾರೆಂದು ಪವರ್ ಬಿಐಗೆ ತಿಳಿಯದು. ಆದ್ದರಿಂದ ಎರಡು ಕಡೆ ಕೆಲಸ ಮಾಡಬೇಕು. ಡೇಟಾ ಮಾಡೆಲ್‌ನಲ್ಲಿ ರೋ ಲೆವೆಲ್ ಸೆಕ್ಯುರಿಟಿ ಹಾಕಬೇಕು, ಅಂದರೆ ಸಾಲು ಸಾಲಿಗೂ ಕಾವಲು. ಟೋಕನ್ ಕೇಳುವಾಗ ನೋಡುವವರು ಯಾರು ಎಂದು ಹೇಳಬೇಕು.

ಮಾಡೆಲ್‌ನಲ್ಲಿ "ಸೊಸೈಟಿ" ಎಂಬ ರೋಲ್ ಮಾಡಿ. ಅದರ ನಿಯಮ ಇಷ್ಟೇ: ಸೊಸೈಟಿ ಕೋಡ್ ಕಾಲಂ, ಯೂಸರ್‌ನೇಮ್ ಫಂಕ್ಷನ್ ಕೊಡುವ ಮೌಲ್ಯಕ್ಕೆ ಸಮ ಇರಬೇಕು. ಸರ್ವರ್ ಎಂಬೆಡ್ ಟೋಕನ್ ಕೇಳುವಾಗ ಎಫೆಕ್ಟಿವ್ ಐಡೆಂಟಿಟಿ ಎಂಬ ಭಾಗದಲ್ಲಿ ಮೂರು ವಿಷಯ ಕಳಿಸುತ್ತದೆ. ಯೂಸರ್‌ನೇಮ್, ರೋಲ್, ಡೇಟಾಸೆಟ್ ಐಡಿ (ಡೇಟಾ ಮಾಡೆಲ್‌ಗೇ ಡೇಟಾಸೆಟ್ ಎಂದೂ ಹೆಸರು). ಯೂಸರ್‌ನೇಮ್ ಇಮೇಲ್ ಆಗಿರಲೇಬೇಕು ಎಂದೇನಿಲ್ಲ. ಡೇಟಾವನ್ನು ಇಂಪೋರ್ಟ್ ಮಾಡಿಕೊಂಡ ಮಾಡೆಲ್‌ನಲ್ಲಿ ಸೊಸೈಟಿ ಕೋಡ್ ಅನ್ನೇ ಕಳಿಸಬಹುದು. ಪವರ್ ಬಿಐ ಆ ಕೋಡ್ ಇಟ್ಟುಕೊಂಡು ಸಾಲುಗಳನ್ನು ಸೋಸುತ್ತದೆ.

ವಿಸ್ತರಣಾಧಿಕಾರಿಗೆ ಒಂದು ಕೋಡ್ ಸಾಲದು, ಅವರ ಕೆಳಗೆ ಎಷ್ಟೋ ಸೊಸೈಟಿಗಳಿವೆ. ಯಾರ ವ್ಯಾಪ್ತಿಗೆ ಯಾವ ಸೊಸೈಟಿ ಎಂಬ ಒಂದು ಟೇಬಲ್ ಮಾಡೆಲ್‌ನಲ್ಲೇ ಇಡಿ, ಅದರ ಮೇಲೆ ಇನ್ನೊಂದು ರೋಲ್ ಮಾಡಿ. ವರ್ಗಾವಣೆ ಆದಾಗ ಟೇಬಲ್‌ನ ಸಾಲು ಬದಲಾಯಿಸಿ ರಿಫ್ರೆಶ್ ಮಾಡಿದರೆ ಆಯಿತು, ಆ್ಯಪ್‌ನ ಪ್ರೋಗ್ರಾಂ ಮುಟ್ಟಬೇಕಿಲ್ಲ. ಕೇಂದ್ರ ಕಚೇರಿಗೂ ಒಂದು ರೋಲ್ ಇರಲಿ, ನಿಯಮವಿಲ್ಲದ ರೋಲ್.

ಇಲ್ಲಿ ಒಂದು ಎಚ್ಚರ. ಒಬ್ಬರಿಗೆ ಎರಡು ರೋಲ್ ಕಳಿಸಿದರೆ ಎರಡೂ ನಿಯಮ ಸೇರಿ ಬಿಗಿಯಾಗುತ್ತದೆ ಎಂದು ಹಲವರು ತಿಳಿಯುತ್ತಾರೆ. ಆಗುವುದು ಉಲ್ಟಾ. ಎರಡೂ ರೋಲ್‌ಗಳಲ್ಲಿ ಕಾಣುವ ಸಾಲುಗಳೆಲ್ಲ ಒಟ್ಟುಗೂಡಿ ಕಾಣುತ್ತವೆ. ಕಾರ್ಯದರ್ಶಿಗೆ ಅಪ್ಪಿತಪ್ಪಿ ಕೇಂದ್ರದ ರೋಲ್ ಸೇರಿತು ಅಂದರೆ ಜಿಲ್ಲೆಯೇ ತೆರೆದ ಹಾಗೆ.

ಇನ್ನೊಂದು, ಇದಕ್ಕಿಂತ ಮುಖ್ಯ. ಸೊಸೈಟಿ ಕೋಡ್ ಎಲ್ಲಿಂದ ತೆಗೆದುಕೊಳ್ಳುತ್ತೀರಿ? ಪುಟದ ವಿಳಾಸದಿಂದ ಅಥವಾ ಬ್ರೌಸರ್ ಕಳಿಸಿದ ಡೇಟಾದಿಂದ ತೆಗೆದುಕೊಂಡರೆ ಕಾವಲೇ ಇಲ್ಲದ ಹಾಗೆ. ಯಾರಾದರೂ 412 ಇದ್ದ ಕಡೆ 413 ಎಂದು ತಿದ್ದಿ ಪಕ್ಕದ ಊರಿನ ಬಟವಾಡೆ ನೋಡಬಹುದು. ಪವರ್ ಬಿಐ ತಡೆಯುವುದಿಲ್ಲ, ಯಾಕಂದರೆ ನೀವೇ ಹಾಗೆ ಕೇಳಿದಿರಿ. ಕೋಡ್ ಬರಬೇಕಾದದ್ದು ಲಾಗಿನ್ ಆದವರ ಸೆಷನ್‌ನಿಂದ, ನಿಮ್ಮ ಡೇಟಾಬೇಸ್‌ನಲ್ಲಿ ಹುಡುಕಿ. ಕೋಡ್ ರಿವ್ಯೂ ಮಾಡುವವರು ಈ ಒಂದು ಸಾಲನ್ನು ಎರಡು ಸಲ ನೋಡಲಿ.

ರಿಪೋರ್ಟ್‌ಗೆ ಫಿಲ್ಟರ್ ಹಾಕಿ, ಫಿಲ್ಟರ್ ಪಟ್ಟಿ ಮರೆಮಾಡಿದರೆ ಸಾಲದೇ?

ಸಾಲದು. ಜಾವಾಸ್ಕ್ರಿಪ್ಟ್‌ನಿಂದ ಹಾಕಿದ ಫಿಲ್ಟರ್ ಬ್ರೌಸರ್‌ನಲ್ಲಿರುತ್ತದೆ, ಬ್ರೌಸರ್ ಬಳಕೆದಾರರ ಕೈಯಲ್ಲಿರುತ್ತದೆ. ಟೋಕನ್‌ಗೆ ಎಲ್ಲ ಸಾಲುಗಳ ಅಧಿಕಾರ ಇದ್ದರೆ ತಿಳಿದವರು ಆ ಫಿಲ್ಟರ್ ತೆಗೆದು ನೋಡುತ್ತಾರೆ. ಫಿಲ್ಟರ್ ಅನುಕೂಲಕ್ಕೆ, ಕಾವಲಿಗೆ ರೋಲ್.

ಯೂಸರ್‌ನೇಮ್ ಆಗಿ ಸೊಸೈಟಿಯ ಹೆಸರನ್ನೇ ಕನ್ನಡದಲ್ಲಿ ಕಳಿಸಬಹುದಾ?

ಕಳಿಸಬೇಡಿ ಎಂದೇ ನನ್ನ ಸಲಹೆ. ಹೋಲಿಕೆ ಅಕ್ಷರಕ್ಕೆ ಅಕ್ಷರ ಆಗಬೇಕು. "ಶ್ರೀರಂಗಪಟ್ಟಣ" ಎಂದು ಒಂದು ಕಡೆ, "ಶ್ರೀರಂಗ ಪಟ್ಟಣ" ಎಂದು ಇನ್ನೊಂದು ಕಡೆ ಇದ್ದರೆ ರಿಪೋರ್ಟ್ ಖಾಲಿ ಬರುತ್ತದೆ. ಹೆಸರಿನ ಮಧ್ಯೆ ಕಣ್ಣಿಗೆ ಕಾಣದ ಜೋಡಣೆ ಅಕ್ಷರಗಳು ಕೂತಿರಬಹುದು, ಅದು ಇನ್ನೂ ಕಷ್ಟ. ಕೋಡ್ ಬಳಸಿ, ಹೆಸರು ತೋರಿಸುವುದಕ್ಕೆ ಮಾತ್ರ ಇರಲಿ.

ಕನ್ನಡದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹಳೆಯ ಸೊಸೈಟಿ ದಾಖಲೆಗಳು ಎಷ್ಟೋ ಕಡೆ ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿವೆ. ಅವನ್ನು ನೇರವಾಗಿ ತುಂಬಿದರೆ ರಿಪೋರ್ಟ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ. ಆಮೇಲೆ ರೈತರ ಹೆಸರು, ಊರ ಹೆಸರು, ಚಾರ್ಟ್‌ನ ತಲೆಬರಹ ಎಲ್ಲ ಕನ್ನಡದಲ್ಲೇ ಚೆನ್ನಾಗಿ ಬರುತ್ತವೆ. ದಯವಿಟ್ಟು ಈ ಶ್ರಮ ತೆಗೆದುಕೊಳ್ಳಿ. ರಿಪೋರ್ಟ್ ನೋಡುವವರು ಕನ್ನಡದಲ್ಲಿ ಓದುವ ಜನ.

ರೋಲ್ ಹಾಕಿದ ಮೇಲೆ ಟೋಕನ್ನೇ ಸಿಗುತ್ತಿಲ್ಲ.

ಅದು ಒಳ್ಳೆಯ ಸುದ್ದಿ. ಮಾಡೆಲ್‌ನಲ್ಲಿ ರೋಲ್ ಇದ್ದು ನೀವು ಎಫೆಕ್ಟಿವ್ ಐಡೆಂಟಿಟಿ ಕಳಿಸದಿದ್ದರೆ ಪವರ್ ಬಿಐ ಟೋಕನ್ ಕೊಡಲು ಒಪ್ಪುವುದಿಲ್ಲ. ಯೂಸರ್‌ನೇಮ್, ರೋಲ್ ಹೆಸರು, ಡೇಟಾಸೆಟ್ ಐಡಿ ಮೂರನ್ನೂ ಸೇರಿಸಿ. ರೋಲ್‌ನ ಹೆಸರು ಮಾಡೆಲ್‌ನಲ್ಲಿ ಇದ್ದ ಹಾಗೆಯೇ ಇರಬೇಕು.

ಬೇರೆ ತಪ್ಪುಗಳು? 401, 403, 404 ಬರುತ್ತಿರುತ್ತವೆ.

ತಪ್ಪು ಎಂಟ್ರಾ ಹಂತದಲ್ಲೋ ಪವರ್ ಬಿಐ ಹಂತದಲ್ಲೋ ಎಂದು ಮೊದಲು ಗುರುತಿಸಿ. ಎಎಡಿಎಸ್‌ಟಿಎಸ್ ಎಂದು ಶುರುವಾದರೆ ಅದು ಎಂಟ್ರಾದ್ದು, ಪವರ್ ಬಿಐವರೆಗೆ ಹೋಗಿಯೇ ಇಲ್ಲ.

ಸಂಖ್ಯೆ 7000215 ಎಂದರೆ ಸೀಕ್ರೆಟ್ ತಪ್ಪು. ಬಹಳ ಸಲ ಸೀಕ್ರೆಟ್‌ನ ಮೌಲ್ಯದ ಬದಲು ಪಕ್ಕದ ಕಾಲಂನ ಸೀಕ್ರೆಟ್ ಐಡಿ ಕಾಪಿ ಆಗಿರುತ್ತದೆ. 7000222 ಎಂದರೆ ಸೀಕ್ರೆಟ್ ಅವಧಿ ಮುಗಿದಿದೆ. 700016 ಎಂದರೆ ಆ ಟೆನೆಂಟ್‌ನಲ್ಲಿ ಆ ಆ್ಯಪ್ ಇಲ್ಲ, ಕ್ಲೈಂಟ್ ಐಡಿ ಅಥವಾ ಟೆನೆಂಟ್ ಐಡಿ ಅದಲುಬದಲಾಗಿರಬಹುದು.

ಟೋಕನ್ ಸಿಕ್ಕಿ ಪವರ್ ಬಿಐ 401 ಅಥವಾ 403 ಕೊಟ್ಟರೆ ಟೆನೆಂಟ್ ಸೆಟ್ಟಿಂಗ್, ಗ್ರೂಪ್, ವರ್ಕ್‌ಸ್ಪೇಸ್ ಸದಸ್ಯತ್ವ ಈ ಕ್ರಮದಲ್ಲಿ ನೋಡಿ. ರಿಪೋರ್ಟ್ ಒಂದು ವರ್ಕ್‌ಸ್ಪೇಸ್‌ನಲ್ಲಿ, ಅದರ ಡೇಟಾಸೆಟ್ ಇನ್ನೊಂದರಲ್ಲಿ ಇದ್ದರೆ ಎರಡು ಕಡೆಯೂ ಪ್ರವೇಶ ಬೇಕು. 404 ಬಂದರೆ ವರ್ಕ್‌ಸ್ಪೇಸ್ ಐಡಿ, ರಿಪೋರ್ಟ್ ಐಡಿ ಪರೀಕ್ಷಿಸಿ. ರಿಪೋರ್ಟ್ ಯಾರದೋ ಮೈ ವರ್ಕ್‌ಸ್ಪೇಸ್‌ನಲ್ಲಿ ಇದ್ದರೆ ಸರ್ವಿಸ್ ಪ್ರಿನ್ಸಿಪಲ್‌ಗೆ ಅದು ಸಿಗುವುದೇ ಇಲ್ಲ, ಬೇರೆ ವರ್ಕ್‌ಸ್ಪೇಸ್‌ಗೆ ಪಬ್ಲಿಷ್ ಮಾಡಿ.

ಎಪಿಐ ಮೂಲಕ ವರ್ಕ್‌ಸ್ಪೇಸ್‌ಗೆ ಸೇರಿಸುವವರು ಎಡವುವ ಜಾಗ ಇನ್ನೊಂದಿದೆ. ಬೇಕಾದದ್ದು ಎಂಟರ್‌ಪ್ರೈಸ್ ಅಪ್ಲಿಕೇಶನ್ ಪುಟದ ಆಬ್ಜೆಕ್ಟ್ ಐಡಿ. ಆ್ಯಪ್ ನೋಂದಣಿ ಪುಟದಲ್ಲೂ ಆಬ್ಜೆಕ್ಟ್ ಐಡಿ ಎಂದೇ ಇನ್ನೊಂದು ಇದೆ, ಅದು ಇದಕ್ಕೆ ಆಗದು.

ಡೈರಿಯ ಕಂಪ್ಯೂಟರ್‌ನಲ್ಲಿ ಪುಟ ಬೆಳಗಿಂದ ತೆರೆದೇ ಇರುತ್ತದೆ. ಸ್ವಲ್ಪ ಹೊತ್ತಿಗೆ ರಿಪೋರ್ಟ್ ನಿಂತುಹೋಗುತ್ತದೆ.

ಎಂಬೆಡ್ ಟೋಕನ್ ಆಯಸ್ಸು ಸುಮಾರು ಒಂದು ಗಂಟೆ. ಅದು ಯಾವ ಆ್ಯಕ್ಸೆಸ್ ಟೋಕನ್‌ನಿಂದ ಹುಟ್ಟಿತೋ ಅದರ ಉಳಿದ ಆಯಸ್ಸಿಗಿಂತ ಜಾಸ್ತಿ ಬಾಳುವುದಿಲ್ಲ. ಸರ್ವರ್ ಹಳೆಯ ಆ್ಯಕ್ಸೆಸ್ ಟೋಕನ್ ಅನ್ನೇ ಇಟ್ಟುಕೊಂಡು ಬಳಸಿದರೆ ಹೊಸ ಎಂಬೆಡ್ ಟೋಕನ್‌ಗೆ 5 ನಿಮಿಷವೂ ಸಿಗದೇ ಹೋಗಬಹುದು. "ಕೆಲವು ಸಲ ಬೇಗ ಮುಗಿಯುತ್ತದೆ, ಕೆಲವು ಸಲ ಇಲ್ಲ" ಎಂಬ ದೂರಿಗೆ ಕಾರಣ ಬಹುಪಾಲು ಇದೇ.

ಪುಟದಲ್ಲಿ ಮುಗಿಯುವ ಸಮಯ ನೋಡುತ್ತಿರಿ. ಕೆಲವು ನಿಮಿಷ ಮುಂಚೆ ಸರ್ವರ್‌ನಿಂದ ಹೊಸ ಎಂಬೆಡ್ ಟೋಕನ್ ತರಿಸಿ, ಲೈಬ್ರರಿಯ ಸೆಟ್ ಆ್ಯಕ್ಸೆಸ್ ಟೋಕನ್ ಎಂಬ ಕರೆಯಿಂದ ಹಾಕಿ. ರಿಪೋರ್ಟ್ ಮತ್ತೆ ಲೋಡ್ ಆಗುವುದಿಲ್ಲ, ನೋಡುತ್ತಿದ್ದ ಪುಟ, ಫಿಲ್ಟರ್ ಹಾಗೇ ಇರುತ್ತವೆ. ಹೊಸ ಟೋಕನ್ ಕೊಡುವ ಮುಂಚೆ ಆ್ಯಪ್ ಲಾಗಿನ್ ಇನ್ನೂ ಜೀವಂತ ಇದೆಯೇ ಎಂದು ಸರ್ವರ್ ಕೇಳಿಕೊಳ್ಳಲಿ.

ಬೆಳಗ್ಗೆ ಐದಕ್ಕೆ ನೋಡಿದರೆ "ಇಂದು" ಎಂಬ ಕಡೆ ನಿನ್ನೆಯ ದಿನಾಂಕ ಇರುತ್ತದೆ. ಇದೂ ಟೋಕನ್ ತೊಂದರೆಯಾ?

ಅಲ್ಲ. ಪವರ್ ಬಿಐ ಸರ್ವಿಸ್‌ನಲ್ಲಿ ಇಂದಿನ ದಿನಾಂಕ ಕೊಡುವ ಡಾಕ್ಸ್ (ಪವರ್ ಬಿಐಯ ಸೂತ್ರ ಭಾಷೆ) ಫಂಕ್ಷನ್ ಯುಟಿಸಿ ಎಂಬ ಜಾಗತಿಕ ಸಮಯ ಹಿಡಿಯುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ 5:30ರವರೆಗೆ ಅಲ್ಲಿ ಇನ್ನೂ ನಿನ್ನೆಯೇ. ಸೂತ್ರದಲ್ಲಿ ಬರೀ ದಿನಾಂಕಕ್ಕಲ್ಲ, ಈಗಿನ ಯುಟಿಸಿ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ, ಅದರಿಂದ ದಿನಾಂಕ ತೆಗೆಯಿರಿ. ಬೆಳಗಿನ ಹಾಲು ಹಾಕುವ ಹೊತ್ತಿಗೆ ತಪ್ಪು ದಿನಾಂಕ ಕಂಡರೆ ಜನ ಇಡೀ ರಿಪೋರ್ಟನ್ನೇ ನಂಬುವುದಿಲ್ಲ.

ಲೈಸೆನ್ಸ್, ಖರ್ಚು ಹೇಗೆ?

ನೋಡುವವರಿಗೆ ತಲೆಗೆ ಒಂದರಂತೆ ಲೈಸೆನ್ಸ್ ಬೇಡ. ಅದರ ಬದಲು ಕೆಪಾಸಿಟಿ, ಅಂದರೆ ರಿಪೋರ್ಟ್ ನಡೆಸುವ ಕಂಪ್ಯೂಟರ್ ಶಕ್ತಿ, ಕೊಳ್ಳಬೇಕು. ಅಜೂರ್‌ನ ಎ ಸರಣಿ ಅಥವಾ ಫ್ಯಾಬ್ರಿಕ್‌ನ ಎಫ್ ಸರಣಿ. ಎ1 ಸುಮಾರಾಗಿ ಎಫ್8ಕ್ಕೆ ಸಮ, ಎ4 ಎಫ್64ಕ್ಕೆ ಸಮ. ಹೊರಗಿನವರಿಗೆ ತೋರಿಸುವ ಆ್ಯಪ್‌ಗೆ ಎಫ್64 ಇರಲೇಬೇಕು ಎಂಬ ನಿಯಮ ಇಲ್ಲ, ಸಣ್ಣ ಎಫ್ ಕೂಡ ನಡೆಯುತ್ತದೆ. ವರ್ಕ್‌ಸ್ಪೇಸ್ ಅನ್ನು ಆ ಕೆಪಾಸಿಟಿಗೆ ಸೇರಿಸುವುದು ಮರೆಯಬೇಡಿ. ರಿಪೋರ್ಟ್ ತಯಾರಿಸಿ ಪಬ್ಲಿಷ್ ಮಾಡುವವರಿಗೆ ಪ್ರೊ ಲೈಸೆನ್ಸ್ ಬೇಕಾಗುತ್ತದೆ.

ಅಭಿವೃದ್ಧಿ ಹಂತದಲ್ಲಿ ಕೆಪಾಸಿಟಿ ಇಲ್ಲದೆಯೂ ಪರೀಕ್ಷೆ ಮಾಡಬಹುದು. ಆಗ ಟೋಕನ್‌ಗಳ ಸಂಖ್ಯೆಗೆ ಮಿತಿ ಇರುತ್ತದೆ, ರಿಪೋರ್ಟ್ ಮೇಲೆ ಟ್ರಯಲ್ ಎಂಬ ಪಟ್ಟಿ ಕಾಣುತ್ತದೆ. ಅದನ್ನೇ ಗ್ರಾಹಕರಿಗೆ ಕೊಡುವಂತಿಲ್ಲ.

ಎ ಮತ್ತು ಎಫ್ ಸರಣಿಗಳನ್ನು ಬೇಡದ ಹೊತ್ತು ನಿಲ್ಲಿಸಿ ಹಣ ಉಳಿಸಬಹುದು. ನಿಲ್ಲಿಸಿದಾಗ ರಿಪೋರ್ಟ್ ತೆರೆಯುವುದಿಲ್ಲ. ಕಚೇರಿ ಸಮಯ ಲೆಕ್ಕ ಹಾಕಿ 10 ಗಂಟೆಗೆ ಶುರು ಮಾಡುವ ವೇಳಾಪಟ್ಟಿ ಡೈರಿಗೆ ಹೊಂದುವುದಿಲ್ಲ. ಅವರ ದಿನ ನಸುಕಿನಲ್ಲೇ ಶುರು.

ಹಲವು ಸಂಸ್ಥೆಗಳಿಗೆ ಒಂದೇ ಆ್ಯಪ್ ಮಾರುತ್ತೇವೆ. ಎಲ್ಲ ಒಂದೇ ವರ್ಕ್‌ಸ್ಪೇಸ್‌ನಲ್ಲಿ ಇಡಬಹುದಾ?

ಒಂದೇ ಸಂಸ್ಥೆಯ ಒಳಗಿನ ಸೊಸೈಟಿಗಳಿಗೆ ರೋಲ್ ಸಾಕು. ಒಬ್ಬರಿಗೊಬ್ಬರು ಪೈಪೋಟಿ ಇರುವ ಬೇರೆ ಬೇರೆ ಸಂಸ್ಥೆಗಳಾದರೆ ವರ್ಕ್‌ಸ್ಪೇಸ್ ಬೇರೆ, ಡೇಟಾಸೆಟ್ ಬೇರೆ ಇಡಿ. ಆಗ ರೋಲ್‌ನ ಒಂದು ತಪ್ಪಿನಿಂದ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೋಗುವುದಿಲ್ಲ. ಸರ್ವಿಸ್ ಪ್ರಿನ್ಸಿಪಲ್ ಪ್ರೊಫೈಲ್ ಎಂಬ ವ್ಯವಸ್ಥೆ ಇದಕ್ಕೇ ಇದೆ. ಒಂದೇ ಸರ್ವಿಸ್ ಪ್ರಿನ್ಸಿಪಲ್ ಕೆಳಗೆ ಗ್ರಾಹಕರಿಗೊಂದು ಪ್ರೊಫೈಲ್ ಮಾಡಿ, ಆ ಪ್ರೊಫೈಲ್‌ಗೆ ಅವರ ವರ್ಕ್‌ಸ್ಪೇಸ್ ಮಾತ್ರ ಕೊಡಬಹುದು.

ಸೀಕ್ರೆಟ್ ಎಲ್ಲಿ ಇಡಬೇಕು? ಎಷ್ಟು ದಿನ?

ಕೋಡ್ ಒಳಗೆ ಬೇಡ, ಗಿಟ್‌ನಲ್ಲಿ ಬೇಡ, ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಸೀಕ್ರೆಟ್ ಇಡುವ ತಿಜೋರಿಯಾದ ಅಜೂರ್ ಕೀ ವಾಲ್ಟ್‌ನಂಥ ಕಡೆ ಇಡಿ. ಸರ್ವರ್ ಅಜೂರ್‌ನಲ್ಲೇ ಇದ್ದರೆ ಮ್ಯಾನೇಜ್ಡ್ ಐಡೆಂಟಿಟಿಯಿಂದ (ಸರ್ವರ್‌ಗೆ ಅಜೂರ್ ತಾನೇ ಕೊಡುವ ಗುರುತು) ವಾಲ್ಟ್ ತೆರೆಯಬಹುದು, ಅದಕ್ಕೆ ಇನ್ನೊಂದು ಪಾಸ್‌ವರ್ಡ್ ಬೇಕಿಲ್ಲ. ಸೀಕ್ರೆಟ್‌ಗಿಂತ ಸರ್ಟಿಫಿಕೇಟ್ ಹೆಚ್ಚು ಭದ್ರ. ಸಾಧ್ಯವಿದ್ದವರು ಅದನ್ನೇ ಬಳಸಿ.

ಪೋರ್ಟಲ್‌ನಲ್ಲಿ ಸೀಕ್ರೆಟ್‌ಗೆ ಹೆಚ್ಚೆಂದರೆ 24 ತಿಂಗಳು ಸಿಗುತ್ತದೆ. ಆರು ತಿಂಗಳು ಇಡಿ, ಮುಗಿಯುವ ದಿನಾಂಕವನ್ನು ಒಬ್ಬರ ಕ್ಯಾಲೆಂಡರ್‌ನಲ್ಲಿ ಅಲ್ಲ, ತಂಡದ ಕ್ಯಾಲೆಂಡರ್‌ನಲ್ಲಿ ಹಾಕಿ. ಒಂದು ಆ್ಯಪ್‌ಗೆ ಏಕಕಾಲಕ್ಕೆ ಎರಡು ಸೀಕ್ರೆಟ್ ಇರಬಹುದು. ಹೊಸದನ್ನು ಮಾಡಿ, ಸರ್ವರ್‌ಗೆ ಹಾಕಿ, ಪರೀಕ್ಷಿಸಿ, ಆಮೇಲೆ ಹಳೆಯದನ್ನು ಅಳಿಸಿ. ರಿಪೋರ್ಟ್ ಒಂದು ನಿಮಿಷವೂ ನಿಲ್ಲುವುದಿಲ್ಲ.

ಡೇಟಾ ರಿಫ್ರೆಶ್ ಕೂಡ ಸರ್ವಿಸ್ ಪ್ರಿನ್ಸಿಪಲ್ ಮಾಡುತ್ತದೆಯೇ?

ಎಪಿಐ ಮೂಲಕ ರಿಫ್ರೆಶ್ ಶುರು ಮಾಡಿಸಬಹುದು. ಆದರೆ ಮೂಲ ಡೇಟಾಬೇಸ್‌ನ ಐಡಿ, ಪಾಸ್‌ವರ್ಡ್ ಬೇರೆ ವಿಷಯ, ಅದನ್ನು ಪ್ರತ್ಯೇಕ ಹೊಂದಿಸಬೇಕು. ಡೇಟಾಬೇಸ್ ಕಚೇರಿಯ ಸರ್ವರ್‌ನಲ್ಲೇ ಇದ್ದರೆ ಅದನ್ನು ಪವರ್ ಬಿಐಗೆ ಜೋಡಿಸುವ ಗೇಟ್‌ವೇ ತಂತ್ರಾಂಶ ಬೇಕು. ಆ ಗೇಟ್‌ವೇ ಇರುವ ಕಂಪ್ಯೂಟರ್ ಯುಪಿಎಸ್ ಮೇಲೆ ಇರಲಿ, ಕರೆಂಟ್ ಹೋದಾಗ ರಿಫ್ರೆಶ್ ತಪ್ಪಬಾರದು.

ಯಾರು ಯಾವ ರಿಪೋರ್ಟ್ ನೋಡಿದರು ಎಂದು ಲೆಕ್ಕ ಬೇಕು.

ನಿಮ್ಮ ಬಳಕೆದಾರರಿಗೆ ಪವರ್ ಬಿಐಯಲ್ಲಿ ಖಾತೆಯೇ ಇಲ್ಲ, ಹಾಗಾಗಿ ಈ ಲೆಕ್ಕ ನೀವೇ ಇಡಬೇಕು. ಎಂಬೆಡ್ ಟೋಕನ್ ಕೊಟ್ಟಾಗಲೆಲ್ಲ ಯಾರಿಗೆ, ಯಾವ ರಿಪೋರ್ಟ್, ಯಾವ ಯೂಸರ್‌ನೇಮ್ ಮತ್ತು ರೋಲ್, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಟೋಕನ್ ಅನ್ನೇ ಲಾಗ್‌ನಲ್ಲಿ ಬರೆಯಬೇಡಿ. ರೈತರ ಹೆಸರು, ಹಣದ ವಿವರ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥ ಲೆಕ್ಕ ಇನ್ನೂ ಮುಖ್ಯ.

ಸೀಕ್ರೆಟ್ ಹೊರಗೆ ಹೋಗಿದೆ ಎಂಬ ಅನುಮಾನ. ಮೊದಲು ಏನು ಮಾಡಲಿ?

ಹೊಸ ಸೀಕ್ರೆಟ್ ಮಾಡಿ ಸರ್ವರ್‌ಗೆ ಹಾಕಿ, ಹಳೆಯದನ್ನು ತಕ್ಷಣ ಅಳಿಸಿ. ಹೊಸದನ್ನು ಹಾಕಲು ತಡವಾಗುವ ಹಾಗಿದ್ದರೆ ಕಾಯಬೇಡಿ, ಹಳೆಯದನ್ನು ಮೊದಲು ಅಳಿಸಿ. ರಿಪೋರ್ಟ್ ಸ್ವಲ್ಪ ಹೊತ್ತು ನಿಂತರೂ ಚಿಂತೆಯಿಲ್ಲ. ಆಗಲೇ ಕೊಟ್ಟ ಟೋಕನ್‌ಗಳು ಇನ್ನೊಂದು ಗಂಟೆ ಅಥವಾ ಸ್ವಲ್ಪ ಜಾಸ್ತಿ ಹೊತ್ತು ಬದುಕಿರಬಹುದು, ಆ ಸಮಯ ಕಣ್ಣಿಟ್ಟಿರಿ.

ಆಮೇಲೆ ಎಂಟ್ರಾ ಐಡಿಯ ಸೈನ್ ಇನ್ ಲಾಗ್ ತೆರೆಯಿರಿ. ಸರ್ವಿಸ್ ಪ್ರಿನ್ಸಿಪಲ್‌ಗಳದ್ದೇ ಬೇರೆ ಪಟ್ಟಿ ಇರುತ್ತದೆ. ನಿಮ್ಮ ಸರ್ವರ್‌ನದಲ್ಲದ ಐಪಿ ವಿಳಾಸದಿಂದ ಲಾಗಿನ್ ಆಗಿದೆಯೇ ನೋಡಿ. ಕಂಡರೆ ಆ ದಿನಾಂಕ, ಸಮಯದ ಜೊತೆ ಗ್ರಾಹಕರ ಅಡ್ಮಿನ್‌ಗೆ ಅಂದೇ ಫೋನ್ ಮಾಡಿ ತಿಳಿಸಿ, ಮೇಲ್ ಆಮೇಲೆ ಕಳಿಸಬಹುದು.